ಟ್ರೈನಿಂಗ್ ಮೇಷ್ಟ್ರ ‘ಪ್ರಾಜೆಕ್ಟ್’ ಅಂದ್ರೇನು? ನಿಮ್ಮ ಮಗುವಿಗೂ, ನಿಮ್ಮ ಅಂಗಡಿಗೂ ಅದರಲ್ಲಿ ಏನು ಕೆಲಸ?

ಸಂಜೆ ವ್ಯಾಪಾರದ ಹೊತ್ತು. ಹೆಗಲಿಗೆ ಬ್ಯಾಗ್, ಕೈಯಲ್ಲಿ ನೋಟ್‌ಬುಕ್ ಹಿಡಿದ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಅಂಗಡಿ ಮುಂದೆ ನಿಂತು, ‘ಅಣ್ಣಾ, ಒಂದೈದು ನಿಮಿಷ ಮಾತಾಡಬಹುದಾ? ನಾನು ಇಲ್ಲೇ ಶಾಲೆಗೆ ಟ್ರೈನಿಂಗ್‌ಗೆ ಬಂದಿದ್ದೀನಿ, ಪ್ರಾಜೆಕ್ಟ್‌ಗೆ ಬೇಕಿತ್ತು’ ಅಂತಾಳೆ. ಬಹಳಷ್ಟು ಜನ ‘ಆಮೇಲೆ ಬಾರಮ್ಮ, ಈಗ ಗಿರಾಕಿ ಇದ್ದಾರೆ’ ಅಂದು ಕಳಿಸಿಬಿಡ್ತೀವಿ. ತಪ್ಪೇನಿಲ್ಲ, ವ್ಯಾಪಾರದ ಹೊತ್ತು ವ್ಯಾಪಾರದ್ದೇ. ಆದ್ರೆ ಆ ಹುಡುಗಿ ಪಾಸಾಗಿ, ಕೆಲಸ ಸಿಕ್ಕಿದ್ರೆ ಮುಂದಿನ ಮೂವತ್ತು ಮೂವತ್ತೈದು ವರ್ಷ ಯಾವುದೋ ಊರಿನ ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳು ಅವಳ ಕೈಯಲ್ಲೇ ಕಲಿಯಬೇಕು. ಒಂದು ಮಗುವಿಗೆ ಪಾಠ ಯಾಕೆ ತಲೆಗೆ ಹತ್ತಲಿಲ್ಲ ಅಂತ ಕೂತು ಯೋಚನೆ ಮಾಡೋ ಅಭ್ಯಾಸ ಅವಳಿಗೆ ಬರುತ್ತೋ ಇಲ್ಲವೋ ಅನ್ನೋದು ಬಹುಮಟ್ಟಿಗೆ ಈ ‘ಪ್ರಾಜೆಕ್ಟ್’ ಮಾಡೋ ವಾರಗಳಲ್ಲೇ ತೀರ್ಮಾನ ಆಗುತ್ತೆ.

ಆದ್ದರಿಂದ ಈ ಪ್ರಾಜೆಕ್ಟ್ ಅಂದ್ರೆ ಏನು, ನಿಜವಾದದ್ದು ಹೇಗಿರುತ್ತೆ, ಕಾಟಾಚಾರದ್ದು ಹೇಗಿರುತ್ತೆ, ನಮ್ಮಂಥವರು ಏನು ಮಾಡಬಹುದು ಅನ್ನೋದನ್ನ ಇಲ್ಲಿ ಬಿಡಿಸಿ ಬರೆದಿದ್ದೇವೆ.

ಇವರು ಯಾರು?

ಹಿರಿಯರಿಗೆ ‘ಟಿಸಿಎಚ್’ ಅಂದ್ರೆ ಬೇಗ ಅರ್ಥ ಆಗುತ್ತೆ. ಅದೇ ಮುಂದೆ ಡಿ.ಇಡಿ. ಆಯ್ತು, ಈಗ ಡಿ.ಇಎಲ್.ಇಡಿ. ಅಂತಾರೆ. ಪಿಯುಸಿ ಆದ ಮೇಲೆ ಎರಡು ವರ್ಷದ ಡಿಪ್ಲೊಮಾ. ಓದುವವರನ್ನ ಕಾಲೇಜಿನವರು ‘ಪ್ರಶಿಕ್ಷಣಾರ್ಥಿ’ ಅಂತ ಕರೀತಾರೆ, ಊರಿನವರು ‘ಟ್ರೈನಿಂಗ್ ಮೇಷ್ಟ್ರು’, ‘ಟ್ರೈನಿಂಗ್ ಮಿಸ್ಸು’ ಅಂತಾರೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ತಂದ ನಿಯಮದ ಪ್ರಕಾರ ಈ ಎರಡು ವರ್ಷದಲ್ಲಿ ಕನಿಷ್ಠ 20 ವಾರ ಅವರು ಶಾಲೆಯಲ್ಲೇ ಇರಬೇಕು. ಅದರಲ್ಲಿ ಹೆಚ್ಚಿನ ಪಾಲು ಎರಡನೇ ವರ್ಷದಲ್ಲಿ. ಬಿ.ಇಡಿ.ಯವರೂ ಇಂಟರ್ನ್‌ಶಿಪ್‌ಗೆ ಬರ್ತಾರೆ, ಆದ್ರೆ ಅವರು ಸಾಮಾನ್ಯವಾಗಿ ಹೈಸ್ಕೂಲು, ಇಲ್ಲವೇ ಹಿರಿಯ ಪ್ರಾಥಮಿಕದ ಕಡೆ.

ಪಾಠ ಮಾಡೋದರ ಜೊತೆಗೆ ಇವರಿಗೆ ಇನ್ನೂ ಎರಡು ಮುಖ್ಯ ಕೆಲಸ ಇರುತ್ತೆ. ಒಂದು ‘ವ್ಯಕ್ತಿ ಅಧ್ಯಯನ’, ಅಂದ್ರೆ ಒಂದೇ ಮಗುವನ್ನ ಹತ್ತಿರದಿಂದ ನೋಡಿ ಬರೆಯೋದು. ಇನ್ನೊಂದು ‘ಕ್ರಿಯಾ ಸಂಶೋಧನೆ’. ಪ್ರಾಜೆಕ್ಟ್ ಅಂತ ಅವರು ಹೇಳೋದು ಹೆಚ್ಚಾಗಿ ಇದನ್ನೇ.

ಕ್ರಿಯಾ ಸಂಶೋಧನೆ ಅನ್ನೋ ಮಾತು ಕೇಳಿದ್ರೆ ಪಿಎಚ್.ಡಿ. ಥರ ಏನೋ ದೊಡ್ಡದು ಅನ್ನಿಸುತ್ತೆ. ಹಾಗೇನಿಲ್ಲ. ಈ ಹೆಸರನ್ನ ಬಳಕೆಗೆ ತಂದವರು ಕರ್ಟ್ ಲೆವಿನ್ ಅನ್ನೋ ಮನಃಶಾಸ್ತ್ರಜ್ಞ, 1946ರಲ್ಲಿ. ಶಾಲೆಗೆ ತಂದವರಲ್ಲಿ ಮುಖ್ಯರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ, ಅವರು 1953ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ವಿಷಯ ಇಷ್ಟೇ: ಶಾಲೆಯ ಸಮಸ್ಯೆಯನ್ನ ಎಲ್ಲೋ ಕೂತ ಪಂಡಿತರು ಹುಡುಕಿ ಹೇಳೋದಲ್ಲ. ಪಾಠ ಮಾಡೋ ಮೇಷ್ಟ್ರೇ ತನ್ನ ತರಗತಿಯಲ್ಲಿ ಒಂದು ತೊಂದರೆ ಗುರುತಿಸಿ, ಕಾರಣ ಹುಡುಕಿ, ಒಂದು ಉಪಾಯ ಮಾಡಿ ನೋಡಿ, ಅದು ಫಲ ಕೊಟ್ಟಿತೋ ಇಲ್ಲವೋ ಅಂತ ಪ್ರಾಮಾಣಿಕವಾಗಿ ಬರೆದಿಡೋದು. ಅಂಗಡಿಯವರು ದಿನಾ ಮಾಡೋದೂ ಇದನ್ನೇ ತಾನೆ? ಒಂದು ಮಾಲು ಹೋಗ್ತಿಲ್ಲ ಅಂದ್ರೆ ಜಾಗ ಬದಲಾಯಿಸಿ ನೋಡ್ತೀರಿ, ಪ್ಯಾಕೆಟ್ ಚಿಕ್ಕದು ಮಾಡಿ ನೋಡ್ತೀರಿ, ಎರಡು ವಾರ ಬಿಟ್ಟು ಲೆಕ್ಕ ಹಾಕ್ತೀರಿ. ಬರೆದಿಡೋದಿಲ್ಲ, ಅಷ್ಟೇ ವ್ಯತ್ಯಾಸ.

ತಪ್ಪು ಉತ್ತರದಲ್ಲೇ ಸುಳಿವಿದೆ

ಒಂದು ಉದಾಹರಣೆ ತಗೊಳ್ಳೋಣ. ಮೂರನೇ ಕ್ಲಾಸಿನ ಮಗುವಿಗೆ 52ರಲ್ಲಿ 27 ಕಳೆಯೋದಕ್ಕೆ ಕೊಟ್ಟಿದ್ದೀರಿ. ಮಗು 35 ಅಂತ ಬರೆದಿದೆ. ಸರಿ ಉತ್ತರ 25. ಅವಸರದ ಮೇಷ್ಟ್ರು ಕೆಂಪು ಪೆನ್ನಲ್ಲಿ ಗೀಟು ಹಾಕಿ ಮುಂದೆ ಹೋಗ್ತಾರೆ. ‘ಕಳೆಯುವ ಲೆಕ್ಕ ಬರೋದಿಲ್ಲ’ ಅಂತ ಮನೆಗೆ ವರದಿ ಬರುತ್ತೆ.

ಪ್ರಾಜೆಕ್ಟ್‌ನ ನಿಜವಾಗಿ ಮಾಡೋ ಹುಡುಗಿ ಏನು ಮಾಡ್ತಾಳೆ? ಆ ಮಗು ಹತ್ತಿರ ಕೂತು, ‘ಇದನ್ನ ಹೇಗೆ ಮಾಡಿದೆ, ಹೇಳು ಪುಟ್ಟ’ ಅಂತ ಕೇಳ್ತಾಳೆ. ಮಗು ಹೇಳುತ್ತೆ: ‘ಎರಡ್ರಲ್ಲಿ ಏಳು ಹೋಗಲ್ವಲ್ಲ ಮಿಸ್, ಅದಕ್ಕೆ ಏಳರಲ್ಲಿ ಎರಡು ತೆಗೆದೆ, ಐದು. ಐದರಲ್ಲಿ ಎರಡು ಹೋದ್ರೆ ಮೂರು.’ ಅಂದ್ರೆ ಮಗುವಿಗೆ ಕಳೆಯೋದು ಬರುತ್ತೆ. ‘ದೊಡ್ಡದರಲ್ಲಿ ಚಿಕ್ಕದನ್ನ ಕಳೆಯಬೇಕು’ ಅಂತ ಹಿಂದಿನ ವರ್ಷ ಹೇಳಿಕೊಟ್ಟಿದ್ದನ್ನ ಅದು ಅಕ್ಷರಶಃ ಪಾಲಿಸಿದೆ, ಅಷ್ಟೇ. ದಶಕ ಕೊಟ್ಟು ಬಿಡಿ ತಗೊಳ್ಳೋದು ಅಂದ್ರೇನು ಅಂತ ಅದಕ್ಕೆ ತಿಳಿದಿಲ್ಲ. ತರಗತಿಯ ಉಳಿದವರ ಪುಸ್ತಕ ತೆಗೆದು ನೋಡಿದ್ರೆ ಇನ್ನೂ ನಾಲ್ಕು ಮಕ್ಕಳದ್ದು ಇದೇ ತಪ್ಪು, ಇಬ್ಬರದ್ದು ಬೇರೆ ತಪ್ಪು ಇರಬಹುದು. ಎಲ್ಲರಿಗೂ ಒಂದೇ ಔಷಧಿ ಕೊಟ್ಟರೆ ಆಗೋದಿಲ್ಲ ಅಂತ ಅಲ್ಲಿಗೆ ಅವಳಿಗೆ ಗೊತ್ತಾಯ್ತು.

ಆಮೇಲೆ ಉಪಾಯ. ಹತ್ತು ಕಡ್ಡಿಯ ಕಟ್ಟು ಐದು, ಬಿಡಿ ಕಡ್ಡಿ ಎರಡು ಇಟ್ಟು, ‘ಇದರಲ್ಲಿ ಇಪ್ಪತ್ತೇಳು ಕೊಡು’ ಅಂತ ಕೇಳೋದು. ಇಲ್ಲಾ, ಹತ್ತರ ನೋಟು, ಒಂದು ರೂಪಾಯಿ ನಾಣ್ಯ ಇಟ್ಟು ಆಟ ಆಡಿಸೋದು. ಎರಡು ಬಿಡಿಯಲ್ಲಿ ಏಳು ಕೊಡಕ್ಕಾಗಲ್ಲ ಅಂತ ಗೊತ್ತಾದಾಗ ಮಗು ತಾನಾಗಿಯೇ ಒಂದು ಕಟ್ಟು ಬಿಚ್ಚುತ್ತೋ, ಯಾರಾದ್ರೂ ಹೇಳಬೇಕೋ, ಎಷ್ಟನೇ ಸಲಕ್ಕೆ ಬಿಚ್ಚಿತು, ಕಡ್ಡಿ ಇಲ್ಲದೆ ಕಾಗದದ ಮೇಲೆ ಬಂದಾಗ ಮತ್ತೆ ಹಳೇ ತಪ್ಪಿಗೇ ಹೋಯ್ತೋ? ಇವನ್ನ ದಿನಾಂಕ ಹಾಕಿ ಬರೆದಿಟ್ಟರೆ ಅದೇ ಕ್ರಿಯಾ ಸಂಶೋಧನೆ. ಕೊನೆಗೆ ಐವರಲ್ಲಿ ಮೂವರಿಗೆ ಬಂತು, ಇಬ್ಬರಿಗೆ ಇನ್ನೂ ಬಂದಿಲ್ಲ ಅಂತ ಬರೆದ್ರೂ ಅದು ಒಳ್ಳೆ ಪ್ರಾಜೆಕ್ಟೇ.

ಇನ್ನೊಂದು ತಪ್ಪು ಎಲ್ಲಾ ಊರಲ್ಲೂ ಸಿಗುತ್ತೆ. ‘ನಾನೂರ ಎರಡು’ ಬರಿ ಅಂದ್ರೆ 4002 ಅಂತ ಬರೆಯೋದು. ನಾನೂರು ಅಂದ್ರೆ 400, ಪಕ್ಕಕ್ಕೆ 2. ಕಿವಿಗೆ ಬಿದ್ದ ಹಾಗೇ ಬರೆದಿದೆ ಮಗು. ಇದನ್ನ ದಡ್ಡತನ ಅನ್ನೋಕಾಗುತ್ತಾ?

ನಮ್ಮ ಮಾತು, ಶಾಲೆಯ ಕನ್ನಡ

ಮೈಸೂರು ಕಡೆಯ ಹಳ್ಳಿಗಳಲ್ಲಿ ‘ಹಾಲು’ ಅನ್ನೋದು ಬಾಯಲ್ಲಿ ‘ಆಲು’ ಆಗುತ್ತೆ, ‘ಹಸು’ ಅನ್ನೋದು ‘ಅಸು’ ಆಗುತ್ತೆ. ಮಗು ಮನೆಯಲ್ಲಿ ಕೇಳಿದ್ದು ಇದನ್ನೇ, ಬರೆಯೋದೂ ಇದನ್ನೇ. ಮೇಷ್ಟ್ರು ನಾಲ್ಕು ಸಲ ಬೈದ ಮೇಲೆ ಮಗು ಹೆದರಿ, ‘ಹ’ ಹಾಕಿದ್ರೆ ಸೇಫು ಅಂತ ‘ಅಕ್ಕ’ ಅನ್ನೋದನ್ನೂ ‘ಹಕ್ಕ’ ಅಂತ ಬರೆಯೋಕೆ ಶುರು ಮಾಡುತ್ತೆ! ಇದು ನಗೋ ವಿಷಯ ಅಲ್ಲ. ಅಷ್ಟರಲ್ಲಿ ಮಗುವಿಗೆ ತನ್ನ ಕಿವಿ ಮೇಲಿನ ನಂಬಿಕೆಯೇ ಹೋಗಿರುತ್ತೆ.

ಒಂದು ತಿಂಗಳಲ್ಲಿ ಮಾಡಬಹುದಾದ ಚೊಕ್ಕ ಪ್ರಾಜೆಕ್ಟ್ ಇದು. ಯಾವ ಪದಗಳಲ್ಲಿ ‘ಹ’ ಬಿಡ್ತಾರೆ, ಯಾವುದರಲ್ಲಿ ಇಲ್ಲದ ‘ಹ’ ಸೇರಿಸ್ತಾರೆ ಅಂತ ಉಕ್ತಲೇಖನದಿಂದ ಪಟ್ಟಿ ಮಾಡೋದು. ಆಮೇಲೆ ಮಗುವಿನ ಮಾತನ್ನ ತಪ್ಪು ಅನ್ನದೆ, ‘ನಾವು ಮನೇಲಿ ಹಿಂಗೆ ಅಂತೀವಿ, ಪುಸ್ತಕದಲ್ಲಿ ಹಿಂಗೆ ಬರೀತೀವಿ’ ಅಂತ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಕಲಿಸಿ ನೋಡೋದು. ಎಚ್.ಡಿ.ಕೋಟೆ, ಹುಣಸೂರು ಕಾಡಂಚಿನ ಶಾಲೆಗಳಲ್ಲಿ ಜೇನುಕುರುಬರ ಮಕ್ಕಳಿದ್ದರೆ ಮನೆ ಮಾತಿಗೂ ಪುಸ್ತಕದ ಮಾತಿಗೂ ಇರೋ ದೂರ ಇನ್ನೂ ಹೆಚ್ಚು. ಅಂಥ ಕಡೆ ಹೋದ ಪ್ರಶಿಕ್ಷಣಾರ್ಥಿ ಮಕ್ಕಳ ಮಾತಿನ ನೂರು ಪದ ಬರೆದುಕೊಂಡು ಬಂದ್ರೂ ಮುಂದಿನ ಮೇಷ್ಟ್ರಿಗೆ ಉಪಕಾರ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹಾಜರಿ ಬಗ್ಗೆ ಪ್ರಾಜೆಕ್ಟ್ ಮಾಡೋರು ಸಾಮಾನ್ಯವಾಗಿ ‘ಪೋಷಕರ ನಿರ್ಲಕ್ಷ್ಯ’ ಅಂತ ಒಂದು ಸಾಲು ಬರೆದು ಮುಗಿಸಿಬಿಡ್ತಾರೆ. ಹಾಜರಿ ಪುಸ್ತಕವನ್ನ ತಿಂಗಳುವಾರು ಬಿಡಿಸಿ ಇಟ್ಟು, ಪಕ್ಕದಲ್ಲಿ ಹೊಗೆಸೊಪ್ಪು ಮುರಿಯೋದು, ಬ್ಯಾರನ್‌ನಲ್ಲಿ ಬೇಯಿಸೋದು ಯಾವಾಗ ಅಂತ ಬರೆದು ನೋಡಲಿ. ಯಾವ ಮಗು ಯಾವ ವಾರ ಬಂದಿಲ್ಲ, ಮನೆಯಲ್ಲಿ ಚಿಕ್ಕ ತಮ್ಮ ತಂಗಿಯನ್ನ ಯಾರು ನೋಡ್ಕೊಳ್ತಾ ಇದ್ದರು ಅಂತ ಕೇಳಿದ್ರೆ ಚಿತ್ರ ಬೇರೆಯೇ ಕಾಣಬಹುದು. ಕಾಣದೆಯೂ ಇರಬಹುದು. ನೋಡಿ ಬರೆಯಬೇಕು, ಅಷ್ಟೇ.

ಅಂಗಡಿ ಲೆಕ್ಕ, ಶಾಲೆ ಲೆಕ್ಕ

ಈಗ ಅಂಗಡಿಯವರ ವಿಷಯಕ್ಕೆ ಬರೋಣ. ಟ್ರೈನಿಂಗ್ ಹುಡುಗಿ ನಿಮ್ಮ ಹತ್ರ ಯಾಕೆ ಬರಬೇಕು ಅನ್ನೋದಕ್ಕೆ ಇಲ್ಲಿದೆ ಉತ್ತರ.

ಬ್ರೆಜಿಲ್ ದೇಶದ ರೆಸಿಫೆ ಅನ್ನೋ ಊರಿನಲ್ಲಿ ಮೂವರು ಸಂಶೋಧಕರು ಬೀದಿಯಲ್ಲಿ ಎಳನೀರು, ತೆಂಗಿನಕಾಯಿ, ಹಣ್ಣು ಮಾರೋ ಮಕ್ಕಳ ಹತ್ರ ಗಿರಾಕಿಗಳ ಥರ ಹೋಗಿ ಲೆಕ್ಕ ಕೇಳಿದ್ರು. ತೆರೆಜಿನ್ಹಾ ಕರಾಹೆರ್, ಡೇವಿಡ್ ಕರಾಹೆರ್, ಅನಲೂಸಿಯಾ ಶ್ಲೀಮನ್ ಅಂತ ಅವರ ಹೆಸರು. ಬರಹ ಪ್ರಕಟ ಆಗಿದ್ದು 1985ರಲ್ಲಿ. ಮಕ್ಕಳು ಎಷ್ಟು ಜನ ಗೊತ್ತಾ? ಬರೀ ಐದು. ವಯಸ್ಸು 9ರಿಂದ 15. ವ್ಯಾಪಾರದ ಮಧ್ಯೆ ಕೇಳಿದಾಗ ಆ ಮಕ್ಕಳು ಶೇ. 98ರಷ್ಟು ಲೆಕ್ಕ ಸರಿ ಹೇಳಿದ್ರು. ಅದೇ ಲೆಕ್ಕವನ್ನ ಆಮೇಲೆ ಕಾಗದ ಪೆನ್ಸಿಲ್ ಕೊಟ್ಟು, ಕಥೆ ಇಲ್ಲದೆ ಬರೀ ಸಂಖ್ಯೆಯಾಗಿ ಕೇಳಿದಾಗ ಸರಿ ಬಂದಿದ್ದು ಶೇ. 37ರಷ್ಟು. ಒಬ್ಬ ಹುಡುಗ ಹತ್ತು ತೆಂಗಿನಕಾಯಿಗೆ ಬೆಲೆ ಹೇಳೋವಾಗ ಮೂರಕ್ಕೆ ಇಷ್ಟು, ಇನ್ನೊಂದು ಮೂರಕ್ಕೆ ಇಷ್ಟು ಅಂತ ಸೇರಿಸ್ತಾ ಹೋದ. ‘ಹತ್ತರಿಂದ ಗುಣಿಸಿದ್ರೆ ಪಕ್ಕಕ್ಕೆ ಸೊನ್ನೆ’ ಅನ್ನೋ ಶಾಲೆಯ ದಾರಿ ಅವನಿಗೆ ಬೇಕಾಗಿಯೇ ಇರಲಿಲ್ಲ.

ಇದು ನಲವತ್ತು ವರ್ಷದ ಹಿಂದಿನ, ದೂರದ ಮಾತು ಅಂತ ಬಿಡೋ ಹಾಗಿಲ್ಲ. ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಕೋಲ್ಕತ್ತ, ದೆಹಲಿಯ ಸಂತೆ ಮಾರುಕಟ್ಟೆಗಳಲ್ಲಿ ಕೆಲಸ ಮಾಡೋ ಸಾವಿರಕ್ಕೂ ಹೆಚ್ಚು ಮಕ್ಕಳನ್ನ ನೋಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದೂ ಇಂಥದ್ದೇ. ತೂಕ, ಬೆಲೆ, ಚಿಲ್ಲರೆ ಎಲ್ಲಾ ಬಾಯಲ್ಲೇ ಹೇಳೋ ಮಕ್ಕಳು ಪುಸ್ತಕದ ಭಾಗಾಕಾರಕ್ಕೆ ತಡವರಿಸ್ತಾರೆ. ಅಂಗಡಿ ಅನುಭವ ಇಲ್ಲದ ಶಾಲೆ ಮಕ್ಕಳದ್ದು ತದ್ವಿರುದ್ಧ: ಪುಸ್ತಕದ ಲೆಕ್ಕ ಪರವಾಗಿಲ್ಲ, ವ್ಯಾಪಾರದ ಲೆಕ್ಕ ಕೊಟ್ಟರೆ ಕಕ್ಕಾಬಿಕ್ಕಿ. ಒಂದು ಕಡೆ ಕಲಿತಿದ್ದು ಇನ್ನೊಂದು ಕಡೆಗೆ ತಾನಾಗಿ ದಾಟೋದಿಲ್ಲ ಅಂತಾಯ್ತು.

ನಮ್ಮಲ್ಲೂ ನೋಡಿ. ದಿನಸಿ ಅಂಗಡಿಯವರ ಮಗ ನಾಲ್ಕನೇ ಕ್ಲಾಸು. ಕೆ.ಜಿ.ಗೆ 40 ರೂಪಾಯಿ ಈರುಳ್ಳಿ ಮುಕ್ಕಾಲು ಕೆ.ಜಿ., ಕೆ.ಜಿ.ಗೆ 200ರ ಬೆಳ್ಳುಳ್ಳಿ ಕಾಲು ಕೆ.ಜಿ. ಅಂದ್ರೆ ಮೂವತ್ತು, ಐವತ್ತು, ಒಟ್ಟು ಎಂಬತ್ತು, ಇನ್ನೂರರ ನೋಟಿಗೆ ನೂರ ಇಪ್ಪತ್ತು ವಾಪಸ್ ಅಂತ ಕಣ್ಣು ಮಿಟುಕಿಸೋದರಲ್ಲಿ ಹೇಳ್ತಾನೆ. ಅದೇ ಹುಡುಗನಿಗೆ ಶಾಲೆಯಲ್ಲಿ ಗೆರೆಯ ಮೇಲೆ 3, ಕೆಳಗೆ 4 ಬರೆದು ‘ಭಿನ್ನರಾಶಿ’ ಅಂದ್ರೆ ಮುಖ ಒಣಗುತ್ತೆ. ಅದು ಅವನು ದಿನಾ ತೂಗೋ ಮುಕ್ಕಾಲೇ ಅಂತ ಯಾರೂ ಅವನಿಗೆ ಹೇಳಿಲ್ಲ. ಟ್ರೈನಿಂಗ್‌ಗೆ ಬಂದ ಹುಡುಗಿ ನಿಮ್ಮ ಅಂಗಡಿಗೆ ಬಂದು, ಮಕ್ಕಳು ಏನೇನು ಕೊಳ್ಳೋಕೆ ಬರ್ತಾರೆ, ಯಾವ ತೂಕ ಕೇಳ್ತಾರೆ, ಚಿಲ್ಲರೆ ಎಣಿಸ್ಕೊಳ್ತಾರಾ ಅಂತ ಕೇಳಿದ್ರೆ ಈ ಸೇತುವೆ ಕಟ್ಟೋಕೆ ಸಾಮಾನು ಹುಡುಕ್ತಾ ಇದ್ದಾಳೆ ಅಂತ ತಿಳ್ಕೊಳ್ಳಿ. ಹಳೇ ಬಿಲ್ ಪುಸ್ತಕದ ನಾಲ್ಕು ಹಾಳೆ, ಹಳೇ ತಕ್ಕಡಿ, ತೂಕದ ಕಲ್ಲು ಒಂದು ವಾರಕ್ಕೆ ಎರವಲು ಕೊಟ್ಟರೆ ಆ ತರಗತಿಗೆ ಅದೇ ದೊಡ್ಡ ಪಾಠೋಪಕರಣ.

(ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದನ್ನ ಓದಿ ‘ಹಾಗಿದ್ರೆ ಹುಡುಗರನ್ನ ಕೆಲಸಕ್ಕೆ ಇಟ್ಕೊಂಡ್ರೆ ಲೆಕ್ಕ ಬರುತ್ತೆ’ ಅಂದ್ಕೋಬೇಡಿ. 14 ವರ್ಷದೊಳಗಿನ ಮಕ್ಕಳನ್ನ ದುಡಿಮೆಗೆ ಇಟ್ಟುಕೊಳ್ಳೋದು ಅಪರಾಧ. 2016ರ ತಿದ್ದುಪಡಿಯಲ್ಲಿ ಸ್ವಂತ ಕುಟುಂಬದ, ಅಪಾಯವಿಲ್ಲದ ಕೆಲಸಕ್ಕೆ ವಿನಾಯಿತಿ ಇದೆ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ.)

ಮೇಷ್ಟ್ರೇ ಹುಡುಕಿದ ದಾರಿ: ಎಚ್.ಡಿ.ಕೋಟೆ

‘ಟ್ರೈನಿಂಗ್ ಹುಡುಗರ ಬರಹದಿಂದ ಏನಾಗುತ್ತೆ’ ಅನ್ನೋರಿಗೆ ನಮ್ಮ ಜಿಲ್ಲೆಯದ್ದೇ ಉತ್ತರ ಇದೆ. ಇವತ್ತು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಗೋಡೆ ಮೇಲಿನ ಕಲಿಕಾ ಏಣಿ, ಪ್ರಾಣಿ ಪಕ್ಷಿ ಚಿತ್ರದ ಕಾರ್ಡು, ಗುಂಪಲ್ಲಿ ಕೂತ ಮಕ್ಕಳು ಕಾಣ್ತಾರಲ್ಲ, ಆ ‘ನಲಿ-ಕಲಿ’ ಶುರು ಆಗಿದ್ದು 1995ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡಿ ಬಂದರು. ನೋಡಿದ್ದನ್ನ ಹಾಗೇ ಇಳಿಸದೆ ನಮ್ಮ ಕಡೆಯ ಪಾಠ, ನಮ್ಮ ಕಡೆಯ ಮಕ್ಕಳಿಗೆ ಹೊಂದಿಸಿ ಕಾರ್ಡು ಮಾಡಿ, ತರಗತಿಯಲ್ಲಿ ಇಟ್ಟು, ತಿದ್ದಿ ಮತ್ತೆ ಇಟ್ಟರು. ಹಲವು ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಮೇಷ್ಟ್ರು ಅನ್ನೋ ಕಷ್ಟಕ್ಕೆ ಅದು ಅವರು ಕಂಡುಕೊಂಡ ಉಪಾಯ. 2009-10ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲಾ ಹೋಯ್ತು.

ಅದು ರಾಜ್ಯಕ್ಕೆ ಹೋದ ಮೇಲೆ ಕೆಲವು ಕಡೆ ಕಾರ್ಡು ಬೀರುವಿನಲ್ಲೇ ಉಳಿದಿದ್ದೂ ಉಂಟು, ಅದು ಬೇರೆ ಜಗಳ. ಇಲ್ಲಿ ಹೇಳಬೇಕಾದ್ದು, ತರಗತಿಯ ಕಷ್ಟಕ್ಕೆ ತರಗತಿಯಲ್ಲೇ ಉತ್ತರ ಹುಡುಕೋ ಕೆಲಸ ಬೆಂಗಳೂರಿನ ಕಚೇರಿಯಿಂದ ಬಂದಿದ್ದಲ್ಲ.

ಜೆರಾಕ್ಸ್ ಅಂಗಡಿಯ ‘ರೆಡಿ ಫೈಲ್’

ಇನ್ನು ಕಹಿ ವಿಷಯ. ಕೆಲವು ವರ್ಷದ ಹಿಂದೆ ಒಂದು ಡಿಟಿಪಿ ಸೆಂಟರಿನಲ್ಲಿ ನನ್ನ ಕೆಲಸಕ್ಕೆ ಕಾಯ್ತಾ ಕೂತಿದ್ದಾಗ, ಕಂಪ್ಯೂಟರ್ ಹುಡುಗ ಒಂದು ಕ್ರಿಯಾ ಸಂಶೋಧನೆಯ ಫೈಲ್ ತೆರೆದು, ಶಾಲೆ ಹೆಸರು, ವಿದ್ಯಾರ್ಥಿ ಹೆಸರು ಮಾತ್ರ ಬದಲಾಯಿಸಿ ಪ್ರಿಂಟ್ ಕೊಟ್ಟ. ಅರ್ಧ ಗಂಟೆಯಲ್ಲಿ ಅದೇ ಫೈಲ್‌ನ ಮೂರು ಪ್ರತಿ, ಮೂರು ಶಾಲೆ ಹೆಸರಲ್ಲಿ, ಸ್ಪೈರಲ್ ಬೈಂಡಿಂಗ್ ಆಗಿ ಹೋಯ್ತು. ಮೂರು ಶಾಲೆಯಲ್ಲೂ ಅಷ್ಟೇ ಮಕ್ಕಳು, ಅಷ್ಟೇ ತಪ್ಪು, ಅಷ್ಟೇ ಸುಧಾರಣೆ! ನಾನು ಮುಖ ನೋಡಿದಾಗ ಅವನು, ‘ಸಾರ್, ಅವರೇ ಕೇಳ್ತಾರೆ, ನಾವು ಕೊಡ್ತೀವಿ’ ಅಂದ. ಅವನ ಮೇಲೆ ಪೂರ್ತಿ ತಪ್ಪು ಹೊರಿಸೋಕೆ ನನಗೆ ಮನಸ್ಸಾಗಲಿಲ್ಲ. ಒಬ್ಬ ಮಾರ್ಗದರ್ಶಕ ಉಪನ್ಯಾಸಕರ ತಲೆ ಮೇಲೆ ಹತ್ತಾರು ಫೈಲು, ಹುಡುಗರ ತಲೆ ಮೇಲೆ ಪಾಠ ಯೋಜನೆ, ಚಾರ್ಟು, ಪರೀಕ್ಷೆ. ಫೈಲು ದಪ್ಪ ಇದ್ರೆ ಸಾಕು ಅನ್ನೋ ವಾತಾವರಣ ಇದ್ದ ಕಡೆ ದಪ್ಪ ಫೈಲೇ ತಯಾರಾಗುತ್ತೆ.

ನಕಲಿ ಫೈಲ್ ಗುರುತಿಸೋದು ಕಷ್ಟ ಇಲ್ಲ. ಅದರಲ್ಲಿ ‘ಪೂರ್ವ ಪರೀಕ್ಷೆ’ಯಲ್ಲಿ ಎಲ್ಲರೂ ಫೇಲು, ‘ಉತ್ತರ ಪರೀಕ್ಷೆ’ಯಲ್ಲಿ ಎಲ್ಲರೂ ಪಾಸು. ಒಂದು ಮಗುವೂ ಹಿಂದೆ ಬಿದ್ದಿರೋದಿಲ್ಲ, ಒಂದು ಮಗುವೂ ಜ್ವರ ಬಂದು ರಜೆ ಹಾಕಿರೋದಿಲ್ಲ. ಹನ್ನೆರಡು ಮಕ್ಕಳ ತರಗತಿಗೆ ಶೇಕಡಾವಾರು ಲೆಕ್ಕ ದಶಮಾಂಶದವರೆಗೆ ಹಾಕಿರ್ತಾರೆ. ಕಾರಣಗಳ ಪಟ್ಟಿಯಲ್ಲಿ ‘ಪೋಷಕರ ಅನಕ್ಷರತೆ, ಬಡತನ, ಮಕ್ಕಳ ನಿರಾಸಕ್ತಿ’ ಅಂತ ಇರುತ್ತೆ. ನಾನು ಕಲಿಸಿದ ರೀತಿ ಸರಿ ಇತ್ತಾ ಅನ್ನೋ ಪ್ರಶ್ನೆ ಮಾತ್ರ ಎಲ್ಲೂ ಇರೋದಿಲ್ಲ. ನಿಜವಾದ ಫೈಲ್‌ನಲ್ಲಿ ಮಗುವಿನ ಕೈಬರಹದ ಹಾಳೆ ಅಂಟಿಸಿರುತ್ತೆ, ಒದ್ದಾಡಿದ ದಿನಗಳ ಟಿಪ್ಪಣಿ ಇರುತ್ತೆ, ‘ಈ ಉಪಾಯ ಫಲ ಕೊಡಲಿಲ್ಲ’ ಅನ್ನೋ ಸಾಲು ಇರುತ್ತೆ.

ಇದರಿಂದ ನಷ್ಟ ಆಗೋದು ಯಾರಿಗೆ? ಫೈಲು ಕೊಂಡವರಿಗೆ ಅಂಕ ಬರುತ್ತೆ, ಡಿಟಿಪಿಯವರಿಗೆ ಕಾಸು ಬರುತ್ತೆ. ನಾಲ್ಕು ವರ್ಷ ಬಿಟ್ಟು 52ರಲ್ಲಿ 27 ಹೋದ್ರೆ 35 ಅಂತ ಬರೆಯೋ ಮಗುವಿನ ಮುಂದೆ ನಿಂತಾಗ ಆ ಮೇಷ್ಟ್ರಿಗೆ ಏನು ಮಾಡಬೇಕು ಅಂತ ಗೊತ್ತಿರೋದಿಲ್ಲ. ಟೈಪಿಂಗ್, ಬೈಂಡಿಂಗ್ ನಿಮ್ಮ ಕಸುಬು, ಮಾಡಿ. ಆದ್ರೆ ಹಳೇ ಫೈಲನ್ನ ಹೆಸರು ತಿದ್ದಿ ಮಾರೋದನ್ನ ನಿಲ್ಲಿಸಿದ್ರೆ ದಿನಕ್ಕೆ ಎಷ್ಟು ರೂಪಾಯಿ ಕಮ್ಮಿ ಆಗುತ್ತೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಅದೇ ಶಾಲೆಯಲ್ಲಿ ನಿಮ್ಮ ಮಗುವೂ ಇರಬಹುದು.

‘ಆನರ್ಸ್’, ‘ಥೀಸಿಸ್’ ಅಂತಾರಲ್ಲ, ಅದೇನು?

ಕೆಲವು ಪೋಷಕರು ಇದನ್ನ ಕೇಳಿದ್ದಾರೆ. ಅಮೆರಿಕದಂಥ ಕಡೆ ಪ್ರಾಥಮಿಕ ಶಾಲೆ ಮೇಷ್ಟ್ರಾಗೋಕೂ ನಾಲ್ಕು ವರ್ಷದ ಪದವಿ ಬೇಕು. ಅದರಲ್ಲಿ ಆನರ್ಸ್ ತಗೊಂಡವರು ಕೊನೆ ವರ್ಷ ಒಬ್ಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಒಂದು ಥೀಸಿಸ್ ಬರೀತಾರೆ. ಮಕ್ಕಳ ಮೇಲೆ ಅಧ್ಯಯನ ಮಾಡಬೇಕಾದ್ರೆ ವಿಶ್ವವಿದ್ಯಾಲಯದ ಸಮಿತಿ ಮೊದಲು ಪರಿಶೀಲನೆ ಮಾಡಬೇಕು, ಸಾಮಾನ್ಯವಾಗಿ ಪೋಷಕರ ಒಪ್ಪಿಗೆಯೂ ಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ್ದು ಅಂದ್ರೆ ದೆಹಲಿ ವಿಶ್ವವಿದ್ಯಾಲಯ 1994-95ರಲ್ಲಿ ಶುರು ಮಾಡಿದ ನಾಲ್ಕು ವರ್ಷದ ಬಿ.ಇಎಲ್.ಇಡಿ. ಕೋರ್ಸು. ಪ್ರಾಥಮಿಕ ಶಾಲೆ ಶಿಕ್ಷಕರಿಗೇ ಅಂತ ಮಾಡಿದ ಪದವಿ ಅದು, ಕೊನೆ ವರ್ಷ ಇಂಟರ್ನ್‌ಶಿಪ್ ಜೊತೆ ಪ್ರಾಜೆಕ್ಟ್ ಇರುತ್ತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ‘ಐಟೆಪ್’ ಬಂತು. ಪಿಯುಸಿ ಆದ ಮೇಲೆ ‘ಎನ್‌ಸಿಇಟಿ’ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ನಮಗೆ ಹತ್ತಿರದ್ದು ಮೈಸೂರಿನ ಮಾನಸಗಂಗೋತ್ರಿ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆ. 1963ರಲ್ಲಿ ಶುರುವಾದ, ಎನ್‌ಸಿಇಆರ್‌ಟಿಗೆ ಸೇರಿದ ಸಂಸ್ಥೆ, ಆವರಣದಲ್ಲೇ ಪ್ರಾತ್ಯಕ್ಷಿಕೆ ಶಾಲೆ ಇದೆ.

ಸಾಮಾನ್ಯ ಪದವಿಯ ‘ಆನರ್ಸ್’ ಗೊಂದಲ ಬೇರೆ. ಯುಜಿಸಿ 2022ರ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ. 75 ತೆಗೆದವರು ನಾಲ್ಕನೇ ವರ್ಷ ಸಂಶೋಧನೆ ಸಹಿತ ಆನರ್ಸ್ ಮಾಡಬಹುದು. ಅದರಲ್ಲಿ ಪ್ರಬಂಧಕ್ಕೆ 12 ಕ್ರೆಡಿಟ್. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಪದ್ಧತಿ ಇತ್ತು, 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಮಾಡಿ ಮತ್ತೆ ಮೂರು ವರ್ಷಕ್ಕೆ ತಂತು. ಆದ್ರೆ ಈ ಆನರ್ಸ್ ಇದ್ದ ಮಾತ್ರಕ್ಕೆ ಯಾರೂ ಪ್ರಾಥಮಿಕ ಶಾಲೆ ಶಿಕ್ಷಕರಾಗೋದಿಲ್ಲ, ಅದಕ್ಕೆ ಶಿಕ್ಷಕರ ತರಬೇತಿ ಕೋರ್ಸೇ ಬೇಕು.

ಇನ್ನೊಂದು ವಿಷಯ ಮನೆಯಲ್ಲಿ ಬಿ.ಇಡಿ. ಮಾಡಿದವರಿದ್ದರೆ ತಿಳಿದಿರಬೇಕು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಒಂದರಿಂದ ಐದನೇ ತರಗತಿ ಶಿಕ್ಷಕರ ಹುದ್ದೆಗೆ ಬಿ.ಇಡಿ. ಅರ್ಹತೆ ಅಲ್ಲ. ‘ಡಿ.ಇಡಿ.ಗಿಂತ ಬಿ.ಇಡಿ. ದೊಡ್ಡದು, ಅದಕ್ಕೇ ಸೇರು’ ಅಂತ ಮಕ್ಕಳಿಗೆ ಹೇಳೋ ಮೊದಲು ಇದನ್ನ ನೆನಪಿಡಿ. ಸಣ್ಣ ಮಕ್ಕಳಿಗೆ ಕಲಿಸೋದು ಬೇರೆಯೇ ವಿದ್ಯೆ. ಜೊತೆಗೆ ಟಿಇಟಿ ಪಾಸಾಗಬೇಕು, ಒಂದರಿಂದ ಐದಕ್ಕೆ ಪತ್ರಿಕೆ ಒಂದು, ಆರರಿಂದ ಎಂಟಕ್ಕೆ ಪತ್ರಿಕೆ ಎರಡು.

ನಿಮ್ಮ ಹತ್ರ ಬಂದ್ರೆ

ಮೊದಲು ಕಾಲೇಜಿನ ಪತ್ರ ಅಥವಾ ಗುರುತಿನ ಚೀಟಿ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ, ಕೊಡೋರಿಗೂ ಬೇಜಾರಾಗಬಾರದು. ಯಾವ ಶಾಲೆ, ಯಾವ ತರಗತಿ, ಏನು ಪ್ರಶ್ನೆ ಹಿಡಿದು ಹೊರಟಿದ್ದೀರಿ ಅಂತ ವಿಚಾರಿಸಿ. ಒಂದು ಸಾಲಿನಲ್ಲಿ ಹೇಳೋಕಾದ್ರೆ ವಿಷಯ ಗಟ್ಟಿ ಇದೆ ಅಂತ ಅರ್ಥ. ‘ಮಕ್ಕಳ ಸರ್ವತೋಮುಖ ಬೆಳವಣಿಗೆ’ ಅಂದ್ರೆ, ‘ಸ್ವಲ್ಪ ಚಿಕ್ಕದು ಮಾಡ್ಕೊಂಡು ಬಾರಮ್ಮ’ ಅಂತ ಪ್ರೀತಿಯಿಂದ ಹೇಳಿ.

ಪೋಷಕರಾಗಿದ್ದರೆ ಇನ್ನೂ ಎರಡು ವಿಷಯ. ನಿಮ್ಮ ಮಗುವಿನ ಮೇಲೆ ವ್ಯಕ್ತಿ ಅಧ್ಯಯನ ಮಾಡೋದಾದ್ರೆ ನಿಮಗೆ ಮುಂಚೆ ತಿಳಿಸಬೇಕು. ಬೇಡ ಅನ್ನೋ ಹಕ್ಕು ನಿಮಗಿದೆ ಅಂತಲೇ ತಿಳ್ಕೊಂಡು ಮಾತಾಡಿ. ವರದಿಯಲ್ಲಿ ಮಗುವಿನ ನಿಜ ಹೆಸರು ಬೇಡ, ಬೇರೆ ಹೆಸರು ಹಾಕಿ ಅನ್ನಿ. ಜಾತಿ, ಅಪ್ಪ ಕುಡೀತಾರಾ, ಮನೆ ಸಾಲ ಎಷ್ಟು ಅಂತೆಲ್ಲಾ ಕೇಳಿದ್ರೆ, ಇದು ಪಾಠಕ್ಕೆ ಹೇಗೆ ಬೇಕು ಅಂತ ತಿರುಗಿ ಕೇಳಿ. ಊರು ಚಿಕ್ಕದು, ಫೈಲು ನಾಲ್ಕು ಕೈ ದಾಟುತ್ತೆ, ಓದಿದವರಿಗೆ ಇದು ಯಾರ ಮನೆ ಅಂತ ಗೊತ್ತಾಗೋಕೆ ಹೊತ್ತು ಬೇಡ. ಮಕ್ಕಳ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕೋದು ಪ್ರಾಜೆಕ್ಟ್ ಅಲ್ಲ.

ಪ್ರಶಿಕ್ಷಣಾರ್ಥಿಗಳಿಗೂ ಒಂದು ಮಾತು. ಅಂಗಡಿಗೆ ಸಂಜೆ ಆರರಿಂದ ಎಂಟರವರೆಗೆ ಹೋಗಬೇಡಿ. ಮಧ್ಯಾಹ್ನ ಊಟ ಆದ ಮೇಲೆ ಹೋದ್ರೆ ಕುರ್ಚಿ ಕೊಟ್ಟು ಮಾತಾಡಿಸ್ತಾರೆ. ಗದ್ದೆ, ಬ್ಯಾರನ್ ಕೆಲಸದ ಮನೆಗಳಿಗೆ ಹೋಗೋ ಮುಂಚೆ ಮಗುವನ್ನೇ ಕೇಳಿ, ಅಮ್ಮ ಯಾವಾಗ ಸಿಗ್ತಾರೆ ಅಂತ ಅದಕ್ಕೇ ಚೆನ್ನಾಗಿ ಗೊತ್ತು.

ಕೊನೆಯದಾಗಿ ಎಸ್‌ಡಿಎಂಸಿ ಸದಸ್ಯರಿಗೆ. ಇಂಟರ್ನ್‌ಶಿಪ್ ಮುಗಿಸಿ ಹೋಗೋವಾಗ ಹಾರ, ಶಾಲು, ಸಿಹಿ ಎಲ್ಲಾ ಇರುತ್ತೆ. ಅದರ ಜೊತೆಗೆ ಪ್ರಾಜೆಕ್ಟ್‌ನ ಒಂದು ಪ್ರತಿ ಶಾಲೆಗೆ ಕೊಟ್ಟು ಹೋಗಿ ಅಂತ ಮುಖ್ಯ ಶಿಕ್ಷಕರ ಮೂಲಕ ಕೇಳಿ ಪಡೆಯಿರಿ, ಮಕ್ಕಳ ಹೆಸರು ತೆಗೆದ ಪ್ರತಿ. ಈಗ ಹೆಚ್ಚಿನ ಫೈಲುಗಳು ಕಾಲೇಜಿನ ಬೀರುವಿಗೆ ಹೋಗಿ, ಕೆಲವು ವರ್ಷ ಬಿಟ್ಟು ರದ್ದಿಗೆ ಹೋಗ್ತವೆ. ಯಾವ ಶಾಲೆಯ ಮಕ್ಕಳ ಬಗ್ಗೆ ಬರೆದಿದ್ದೋ ಆ ಶಾಲೆಯ ಮೇಷ್ಟ್ರೇ ಅದನ್ನ ಓದಿರೋದಿಲ್ಲ. ಒಂದು ಪ್ರತಿ ಶಾಲೆಯಲ್ಲಿದ್ದರೆ ಮುಂದಿನ ವರ್ಷ ಬರೋ ಹುಡುಗಿ ಅಲ್ಲಿಂದ ಮುಂದಕ್ಕೆ ಶುರು ಮಾಡಬಹುದು: ಆ ಐದು ಮಕ್ಕಳು ಈಗ ನಾಲ್ಕನೇ ಕ್ಲಾಸಿನಲ್ಲಿ ಇರ್ತಾರೆ, ಆಗ ಬಾರದ ಇಬ್ಬರಿಗೆ ಈಗ ಬಂತಾ ಅಂತ ನೋಡಬಹುದು.